ದಾಕಿನ ಕಲೆ

2021ನೆಯ ಇಸವಿಯಲ್ಲಿ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಕೊರೋನಾ ಲಸಿಕೆಯ ಕೇಂದ್ರ ತೆರೆದಿದ್ದರು. ನನ್ನ ಸರದಿ ಬಂದಾಗ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಕುಳಿತೆ. ಸೂಜಿ ಹಿಡಿದಿದ್ದ ಹುಡುಗಿಗೆ ಇಪ್ಪತ್ತೆರಡೊ ಇಪ್ಪತ್ತಮೂರೊ ವಯಸ್ಸಿರಬೇಕು. ನನ್ನ ಎಡತೋಳಿನ ಮೇಲೆ ಹಳೆಯ ಕಾಲಾಣೆಯಷ್ಟು ಅಗಲವಾದ ಎರಡು ಕಲೆಗಳನ್ನು ಕಂಡು ಒಂದು ಕ್ಷಣ ಕೈ ತಡೆದಳು. “ಇದೇನು ಸಾರ್, ಸುಟ್ಟಿತ್ತಾ?” ಎಂದಳು. “ಇಲ್ಲಮ್ಮ, ದಾಕು” ಎಂದೆ. “ದಾಕು ಅಂದರೆ?” ನನ್ನ ಹಿಂದೆ ಸಾಲು ಬೀದಿಯವರೆಗೂ ಬೆಳೆದಿತ್ತು. ಉತ್ತರ ದೊಡ್ಡದೆಂದು ಹೇಳಿ ಎದ್ದುಬಂದೆ. ಆಕಾಶವಾಣಿಯವರು ಒಂದು ಭಾಷಣಕ್ಕೆ ಕರೆದಾಗ, ಆ ಹುಡುಗಿಗೆ ಕೊಡದೆ ಉಳಿಸಿಕೊಂಡಿದ್ದ ಉತ್ತರವನ್ನೇ ಕೊಟ್ಟುಬಿಡೋಣವೆಂದು ಬಂದಿದ್ದೇನೆ. ಕೇಳುತ್ತಿರುವವರಲ್ಲಿ ಅರವತ್ತು ದಾಟಿದವರಿದ್ದರೆ ದಯವಿಟ್ಟು ತಮ್ಮ ತೋಳನ್ನೊಮ್ಮೆ ನೋಡಿಕೊಳ್ಳಬೇಕು. ಅಂಚಿನಲ್ಲಿ ಕಿರಣದಂತೆ ಗೆರೆಗಳಿದ್ದು ನಡುವೆ ತಗ್ಗಾದ ಆ ಮುದ್ರೆ ಅವರಲ್ಲಿಯೂ ಇರುತ್ತದೆ. ಅವರ ಮಕ್ಕಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ; ಮೊಮ್ಮಕ್ಕಳಲ್ಲಂತೂ ಇಲ್ಲವೇ ಇಲ್ಲ.

ದಾಕು ಎಂಬುದು ನಮ್ಮ ಹಳೆಯ ಮೈಸೂರು ಸೀಮೆಯ ಮಾತು. ಸಿಡುಬು ಬಾರದಂತೆ ತೋಳಿಗೆ ಹಾಕುತ್ತಿದ್ದ ಮದ್ದಿಗೆ ಆ ಹೆಸರು. ಇದನ್ನೇ ಬೇರೆ ಕಡೆಗಳಲ್ಲಿ ‘ದೇವಿ ಹಾಕುವುದು’ ಎನ್ನುತ್ತಿದ್ದರು, ‘ಮೈಲಿ ಹಾಕುವುದು’ ಎನ್ನುತ್ತಿದ್ದರು. ದೇವಿಯೂ ಮೈಲಿಯೂ ರೋಗದ ಹೆಸರುಗಳೇ. ರೋಗಕ್ಕೂ ಅದರ ಮದ್ದಿಗೂ ಒಂದೇ ಹೆಸರನ್ನು ಇಟ್ಟ ಜನ ತಿಳಿಯದೆ ಹಾಗೆ ಮಾಡಿದರೆಂದು ನನಗೆ ತೋರುವುದಿಲ್ಲ. ಅದಕ್ಕೆ ಕಾರಣವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ಅಜ್ಜಿಯಿಂದ.

ನಮ್ಮ ಊರು ತೆರಕಣಾಂಬಿಯ ಕಡೆಯದು. ರಾಗಿ, ಹುರುಳಿ, ಮಳೆ ಬಂದರೆ ಜೋಳ. ಅಜ್ಜಿಯ ಮುಖದಲ್ಲಿ ಹಣೆಯಿಂದ ಗದ್ದದವರೆಗೆ ಸಿಡುಬಿನ ಗುಳಿಗಳಿದ್ದವು. ಮಗುವಾಗಿದ್ದಾಗ ನಾನು ಅವುಗಳಲ್ಲಿ ಬೆರಳಿಟ್ಟು ಎಣಿಸಲು ಹೋಗುತ್ತಿದ್ದೆನಂತೆ. ಆಕೆ ಹೆತ್ತದ್ದು ಏಳು ಮಕ್ಕಳನ್ನು. ಒಂದೇ ಬೇಸಗೆಯಲ್ಲಿ ಮೂರನ್ನು ಕಳೆದುಕೊಂಡಳು. ನಾಲ್ಕನೆಯದು, ನನ್ನ ಸೋದರತ್ತೆ, ಬದುಕಿತು. ಒಂದು ಕಣ್ಣು ಹೋಯಿತು. ಅಜ್ಜಿ ಇದನ್ನು ಹೇಳುವಾಗ ‘ಸತ್ತರು’ ಎಂಬ ಮಾತನ್ನು ಬಳಸುತ್ತಿರಲಿಲ್ಲ. ‘ಅವ್ವ ಕರ್ಕೊಂಡ್ಳು’ ಎನ್ನುತ್ತಿದ್ದಳು. ಸಿಡುಬು ಎಂಬ ಹೆಸರನ್ನು ಮನೆಯೊಳಗೆ ಎತ್ತುವಂತಿರಲಿಲ್ಲ. ದೊಡ್ಡಮ್ಮ ಬಂದಿದ್ದಾಳೆ, ಚಿಕ್ಕಮ್ಮ ಬಂದಿದ್ದಾಳೆ ಎಂದು ನೆಂಟರನ್ನು ಹೇಳುವಂತೆ ಹೇಳಬೇಕು. ದೊಡ್ಡಮ್ಮನೆಂದರೆ ಸಿಡುಬು, ಚಿಕ್ಕಮ್ಮನೆಂದರೆ ಸೀತಾಳೆ, ದಡಾರ ಮೊದಲಾದವು. ಮಗುವಿನ ಗಂಟಲನ್ನು ಕಟ್ಟಿ ಉಸಿರು ನಿಲ್ಲಿಸುವ ಡಿಫ್ತೀರಿಯಾಕ್ಕೆ ಕನ್ನಡದಲ್ಲಿ ಗಂಟಲಮಾರಿಯೆಂದೇ ಹೆಸರು. ಸಂಸ್ಕೃತದ ವೈದ್ಯಗ್ರಂಥಗಳು ಈ ಬಗೆಯ ಬೇನೆಯನ್ನು ಮಸೂರಿಕಾ ಎಂದು, ಬೊಕ್ಕೆಯ ಆಕಾರವನ್ನು ಬೇಳೆಗೆ ಹೋಲಿಸಿ, ತಣ್ಣಗೆ ಹೆಸರಿಸಿದವು. ಜನಪದಕ್ಕೆ ಆ ತಣ್ಣನೆಯ ಹೆಸರು ಒಗ್ಗಲಿಲ್ಲ.

ಮನೆಗೆ ಅಮ್ಮ ಬಂದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು. ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ, ತಲೆಗೆ ಎಣ್ಣೆ ಇಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಸಂತೆಗೆ ಹೋಗುವಂತಿಲ್ಲ. ಬೊಕ್ಕೆಯೆಲ್ಲ ಒಣಗಿ ಹೊಪ್ಪಳೆ ಉದುರಿದ ಮೇಲೆ ಬೇವು ಅರಿಸಿನದ ನೀರು ಹಾಕಿ, ಮಾರಮ್ಮನ ಗುಡಿಗೆ ತಂಬಿಟ್ಟಿನ ಆರತಿ, ಮೊಸರನ್ನ. ಇದರಲ್ಲಿ ಮೂಢನಂಬಿಕೆ ಎಷ್ಟು, ವಿವೇಕ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಹೊಪ್ಪಳೆ ಉದುರುವವರೆಗೆ ರೋಗ ಹರಡಬಲ್ಲದೆಂಬುದನ್ನು ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಯಾರೂ ಒಳಹೊರಗೆ ಓಡಾಡಬಾರದೆಂದು ಅಜ್ಜಿಯ ಶಾಸ್ತ್ರವೂ ಹೇಳುತ್ತಿತ್ತು. ಆದರೆ ಅದೇ ಶಾಸ್ತ್ರ ಮೂರು ಮಕ್ಕಳನ್ನು ಉಳಿಸಲಾರದೆ ಹೋಯಿತೆಂಬುದನ್ನೂ ಮರೆಯಬಾರದು. ದಾಕು ಹಾಕಿಸಿಕೊಳ್ಳದವರಲ್ಲಿ ಈ ಸಿಡುಬು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿಯನ್ನು ಕೊಲ್ಲುತ್ತಿತ್ತು.

ನನಗೆ ನೆನಪಿರುವ ದಾಕಿನ ದಿನ 1967ರದು, ನಾನು ಶಾಲೆಗೆ ಸೇರಿದ ವರ್ಷ. ಹಿಂದಿನ ಸಂಜೆ ತಮಟೆ ಹೊಡೆದು ಸಾರಿದ್ದರು. ಬೆಳಗ್ಗೆ ಊರಿನಲ್ಲಿ ಮಕ್ಕಳೇ ಕಾಣಲಿಲ್ಲ! ಕೆಲವರು ಹೊಲಕ್ಕೆ, ಕೆಲವರು ನೆಂಟರೂರಿಗೆ, ಉಳಿದವರು ಅಟ್ಟದ ಮೇಲೆ. ನನ್ನನ್ನು ಅಜ್ಜಿ ರಾಗಿಯ ವಾಡೆಯೊಳಗೆ ಇಳಿಸಿ ಮೇಲೆ ಮೊರ ಮುಚ್ಚಿದಳು. ಸುಗ್ಗಿಗೆ ಇನ್ನೂ ದಿನವಿದ್ದುದರಿಂದ ವಾಡೆ ಬರಿದಾಗಿತ್ತು. ಒಳಗಿನ ಧೂಳಿಗೆ ನಾನು ಸೀನಿದೆ. ದಾಕಿನವರು ಇಂಥ ಸೀನುಗಳನ್ನು ಎಷ್ಟು ಊರುಗಳಲ್ಲಿ ಕೇಳಿದ್ದರೊ, ನಗುತ್ತಲೇ ಮೊರ ತೆಗೆದರು. ಖಾಕಿ ಅಂಗಿ, ತಲೆಗೊಂದು ಟೋಪಿ, ಸೈಕಲ್ಲಿನ ಹಿಂದೆ ಕಟ್ಟಿದ ತಗಡಿನ ಪೆಟ್ಟಿಗೆ. ಅದರಲ್ಲಿ ಸ್ಪಿರಿಟ್ಟಿನ ದೀಪ, ಹತ್ತಿ, ಮದ್ದಿನ ಗಾಜಿನ ನಳಿಗೆಗಳು, ಮತ್ತೆ ಆ ಆಯುಧ. ಕಡ್ಡಿಯೊಂದರ ತುದಿಗೆ ಹಲ್ಲುಗಳಿರುವ ಸಣ್ಣ ಬಿಲ್ಲೆ. ತೋಳಿನ ಮೇಲೆ ಒಂದು ತೊಟ್ಟು ಮದ್ದನ್ನಿಟ್ಟು ಅದರ ಮೇಲೆ ಬಿಲ್ಲೆಯನ್ನು ಒತ್ತಿ ಗರ್ರನೆ ತಿರುಗಿಸಿಬಿಡುತ್ತಿದ್ದರು. ಬೆರಣಿಯ ಮೇಲೆ ಕುಳಿತವನಂತೆ ನಾನು ಕೂಗಿದೆನೆಂದು ಅವ್ವ ಕೊನೆಯವರೆಗೂ ಹೇಳಿ ನಗುತ್ತಿದ್ದಳು.

ವಾಡೆಯಲ್ಲಿ ಬಚ್ಚಿಟ್ಟ ಅಜ್ಜಿಯೇ, ಒಮ್ಮೆ ಹಾಕಿದ ಮೇಲೆ, ಅದನ್ನು ಕಾಯುವ ಹೊಣೆಯನ್ನು ವಹಿಸಿಕೊಂಡಳು. ಮೂರನೆಯ ದಿನ ತೋಳಿನಲ್ಲಿ ಗಂಟು. ಆರೇಳನೆಯ ದಿನಕ್ಕೆ ನೀರುಗುಳ್ಳೆ. ಆಮೇಲೆ ಕೀವು, ಜ್ವರ, ಕಂಕುಳಲ್ಲಿ ಗೆಡ್ಡೆ. ‘ದಾಕು ಎದ್ದದೆ’ ಎಂದು ಕೇರಿಯೆಲ್ಲ ಸಾರಿ ಬಂದಳು. ಏಳದಿದ್ದರೆ ಫಲವಿಲ್ಲವೆಂಬುದು ದಾಕಿನವರಿಗೂ ಗೊತ್ತು, ಅಜ್ಜಿಗೂ ಗೊತ್ತು. ವಾರದ ಮೇಲೆ ಅವರು ಬಂದು ತೋಳುಗಳನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರು. ಇತ್ತ ಮನೆಯಲ್ಲಿ ಒಗ್ಗರಣೆ ನಿಂತಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಬಂದಿತ್ತು. ಮೂರು ವಾರಕ್ಕೆ ಹೊಪ್ಪಳೆ ಬಿದ್ದಾಗ ನನಗೆ ಬೇವಿನ ನೀರು ಹಾಕಿ ಮಾರಮ್ಮನ ಗುಡಿಗೆ ಕರೆದೊಯ್ದರು. ಇದೇಕೆಂದು ನಾನು ಕೇಳಿದ್ದಕ್ಕೆ ಅಜ್ಜಿ, “ಸಣ್ಣವ್ವ ಬಂದು ಕೂತಿದ್ರ ದೊಡ್ಡವ್ವ ಬರಾಕಿಲ್ಲ ಕನಪ್ಪ, ತಂಗಿ ಮನ ಅಂತ ತಿರುಗ್ ನೋಡ್ದ ಒಯ್ತಾಳ” ಎಂದಳು. ರೋಗಕ್ಕೂ ಮದ್ದಿಗೂ ಒಂದೇ ಹೆಸರು ಏಕೆಂಬುದು ಅಂದು ನನಗೆ ತಿಳಿಯಿತು. ಸೌಮ್ಯವಾದ ಒಂದು ಸೋಂಕನ್ನು ಮೈಗೆ ಪರಿಚಯ ಮಾಡಿಸಿದರೆ ಉಗ್ರವಾದುದನ್ನು ಎದುರಿಸುವ ಶಕ್ತಿ ಮೈಗೆ ಬರುತ್ತದೆಂದು ಮುಂದೆ ಪಾಠಪುಸ್ತಕದಲ್ಲಿ ಓದಿದೆ. ಪುಸ್ತಕದ ಮಾತು ಅಜ್ಜಿಯ ಮಾತಿಗಿಂತ ಬಹಳ ದೂರವೇನೂ ಇರಲಿಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಬಂದ ಬಗೆಯೂ ಕೇಳತಕ್ಕದ್ದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಎಂಟು ವರ್ಷದ ಒಬ್ಬ ಹುಡುಗನ ತೋಳಿಗೆ ಹಸುವಿನ ಸಿಡುಬಿನ ಕೀವನ್ನು ಹಾಕಿದ. ಲ್ಯಾಟಿನ್ನಿನಲ್ಲಿ ಹಸುವಿಗೆ ವಾಕ್ಕ ಎಂದು ಹೆಸರು; ವ್ಯಾಕ್ಸಿನ್ ಎಂಬ ಮಾತು ಅದರಿಂದ ಹುಟ್ಟಿತು. (ದಾಕಿನ ವೈರಸ್ಸಿಗೆ ಹಸುವಿನ ಸಿಡುಬಿಗಿಂತ ಕುದುರೆಯ ಸಿಡುಬೇ ಹತ್ತಿರದ ನೆಂಟನೆಂದು ಈಚಿನ ಸಂಶೋಧಕರು ಹೇಳುತ್ತಾರೆ. ಹೆಸರು ಮಾತ್ರ ಹಸುವಿನದೇ ಉಳಿಯಿತು.) 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಅದನ್ನು ಹಾಕಿದ್ದು ಭಾರತದಲ್ಲಿ ಮೊದಲು. ಆಗ ಮಂಜುಗಡ್ಡೆಯ ಪೆಟ್ಟಿಗೆ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿಗೆ, ಎಂಟು ದಿನದ ಮೇಲೆ ಅದರಿಂದ ಮತ್ತೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ಮದ್ದು ಪ್ರಯಾಣ ಮಾಡಿತು. ಊಟದ ಪಂಕ್ತಿಯಲ್ಲಿ ಒಟ್ಟಿಗೆ ಕೂಡದ ಜಾತಿಗಳ ಮಕ್ಕಳ ಮೈಯ ರಸ ಒಂದರಿಂದ ಒಂದಕ್ಕೆ ಹೋಗಬೇಕಾಗಿತ್ತು. ಜನ ಹಿಂಜರಿದರೆಂದು ಕಂಪನಿಯ ವೈದ್ಯರು ಬೇಸರಪಟ್ಟರು. ಹಿಂಜರಿಕೆ ಅಂಧಶ್ರದ್ಧೆಯೊಂದರಿಂದಲೇ ಬಂದದ್ದೆನ್ನಲಾಗದು. ರಸದ ಜೊತೆಗೆ ಬೇರೆ ರೋಗಗಳೂ ದಾಟುತ್ತಿದ್ದುದು ಯೂರೋಪಿನಲ್ಲಿಯೂ ಕಂಡಿತ್ತು.

ಮೈಸೂರಿನಲ್ಲಿ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಮುಖ್ಯನಾದವನು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವನ ಗ್ರಂಥವನ್ನು ಬಲ್ಲವರು ಬಹಳ ಮಂದಿ. ಶ್ರೀರಂಗಪಟ್ಟಣದ ಸುತ್ತ ಅವನು ದಾಕು ಹಾಕಿಸಲು ಪಟ್ಟ ಪಾಡನ್ನು ಬಲ್ಲವರು ಕಡಮೆ. ಗ್ರಂಥದಲ್ಲಿ ನಮ್ಮ ಜನರ ಮೇಲೆ ಅವನು ಬರೆದ ಕಟುವಾದ ಮಾತುಗಳನ್ನು ನಾನು ಒಪ್ಪಲಾರೆ. ಆದರೆ ಅವನ ಈ ಕೆಲಸವನ್ನು ನೆನೆದಾಗ ಆ ಕೋಪ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕಿಂತ ಸ್ವಾರಸ್ಯವಾದದ್ದು ಒಂದು ಚಿತ್ರಪಟದ ಕಥೆ. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಮೈಸೂರಿನಲ್ಲಿ ಬರೆದದ್ದು. ಅದರಲ್ಲಿ ಮೂವರು ಹೆಂಗಸರು. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ತಿಳಿದಿದ್ದರು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಜ್ಞರು, ಅವರು ನರ್ತಕಿಯರಲ್ಲ, ಮೈಸೂರಿನ ಅರಮನೆಯ ಸ್ತ್ರೀಯರು, ಅವರಲ್ಲಿ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ಎಂದು ವಾದಿಸಿದ್ದಾರೆ. ಬಲಗಡೆಯ ಎಳೆಯ ರಾಣಿ ಸೀರೆಯ ಸೆರಗನ್ನು ಸರಿಸಿ ಎಡತೋಳನ್ನು ಕಾಣುವಂತೆ ಹಿಡಿದಿದ್ದಾಳೆ. ಅದು ದಾಕು ಹಾಕಿಸಿಕೊಂಡ ಜಾಗ. ಜನರಿಗೆ ಧೈರ್ಯ ಬರಲೆಂದು ಹಾಗೆ ಬರೆಯಿಸಿದ್ದು ಎಂಬುದು ಅವರ ಅಭಿಪ್ರಾಯ. ಎಡಗಡೆಯವಳ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿರುವುದು, ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಿಂದಿನ ಪದ್ಧತಿಯ ಗುರುತಿರಬಹುದೆಂದೂ ಹೇಳುತ್ತಾರೆ. ಸೆರಗು ಸರಿಸಿದ ಆ ಕೈಯನ್ನು ಕಂಡಾಗ ನನಗೆ ಲಸಿಕೆಯ ಸಾಲಿನಲ್ಲಿ ನಿಂತ ನಮ್ಮೂರ ಹೆಂಗಸರ ನೆನಪಾಗುತ್ತದೆ.

ಈ ಮುಮ್ಮಡಿಯವರು ನಮ್ಮ ಸೀಮೆಗೆ ಪರಕೀಯರಲ್ಲ. ಅವರ ತಂದೆ ಹುಟ್ಟಿದ್ದು ಅರಿಕುಠಾರದಲ್ಲಿ. ಮಗ 1818ರಲ್ಲಿ ಆ ಊರಿಗೆ ತಂದೆಯ ನೆನಪಿಗೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಆಷಾಢದ ತೇರಿಗೆ ಈಗಲೂ ಹೊಸದಾಗಿ ಮದುವೆಯಾದ ಜೋಡಿಗಳು ಹಣ್ಣು ಜವನ ಎಸೆಯಲು ಸೇರುತ್ತಾರೆ. ರಾಣಿ ಹಾಕಿಸಿಕೊಂಡ ದಾಕು ಅದೇ ರಾಜನ ತಂದೆಯ ಊರಿನ ಸುತ್ತಣ ಹಳ್ಳಿಗಳ ಅಟ್ಟ, ವಾಡೆಗಳನ್ನು ಗೆಲ್ಲಲು ನೂರೈವತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ಅಷ್ಟು ಕಾಲ ಏಕೆ? ಜನರ ಅಂಜಿಕೆಯೊಂದನ್ನೇ ದೂರುವುದು ವಾಡಿಕೆ. ನನಗೆ ಅದು ಅನ್ಯಾಯವೆಂದು ತೋರುತ್ತದೆ. ತೋಳಿನಿಂದ ತೋಳಿಗೆ ದಾಟಿಸುವುದನ್ನು ಬಿಟ್ಟು, ಕರುವಿನ ಹೊಟ್ಟೆಯ ಮೇಲೆ ಮದ್ದನ್ನು ಬೆಳೆಸಿ ಗ್ಲಿಸರಿನ್ನಿನಲ್ಲಿ ಕಲಸಿ ಇಡುವ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದಿತು. ಬೆಂಗಳೂರಿನಲ್ಲಿಯೂ ಇದಕ್ಕೊಂದು ಸಂಸ್ಥೆಯಿತ್ತು. ಜಾತಿಯ ಕಾರಣದಿಂದ ತಿರುವಾಂಕೂರು ಸರ್ಕಾರ ಕೆಲಸ ಕೊಡದೆ ಹಿಂದಕ್ಕೆ ಕಳಿಸಿದ ಡಾಕ್ಟರ್ ಪಲ್ಪು ಅವರು ಮೈಸೂರಿನ ಸೇವೆಗೆ ಬಂದು ಅಲ್ಲಿ ದುಡಿದರು. 1898ರ ಪ್ಲೇಗಿನಲ್ಲಿಯೂ ಬೆಂಗಳೂರಿನಲ್ಲಿ ಹಗಲಿರುಳು ಕೆಲಸ ಮಾಡಿದರು. ಆದರೆ ಆ ದ್ರವದ ಮದ್ದಿಗೆ ನಮ್ಮ ಬಿಸಿಲು ಆಗದು. ಮೈಸೂರಿನಿಂದ ಬರುವ ರೈಲು ಚಾಮರಾಜನಗರಕ್ಕೆ ಮುಗಿಯುತ್ತದೆ, ಗುಂಡ್ಲುಪೇಟೆಗೆ ರೈಲಿಲ್ಲ. ಅಲ್ಲಿಂದ ಮುಂದೆ ಬಸ್ಸು, ಎತ್ತಿನ ಗಾಡಿ, ಸೈಕಲ್ಲು. ಹಳ್ಳಿಯನ್ನು ತಲುಪುವ ಹೊತ್ತಿಗೆ ಎಷ್ಟೋ ವೇಳೆ ಮದ್ದು ಸತ್ತಿರುತ್ತಿತ್ತು. ತೋಳು ಗಾಯವಾಗುವುದು, ದಾಕು ಏಳದಿರುವುದು. ಹೀಗಾದ ಮಗುವಿಗೆ ಮುಂದೆ ಸಿಡುಬು ಬಂದರೆ ತಾಯಿ ಯಾರನ್ನು ನಂಬಬೇಕು?

1962ರಲ್ಲಿ ಭಾರತ ಸರ್ಕಾರ ಸಿಡುಬು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿಯ ಮದ್ದು ಬಂದಿತು. ಮೊದಮೊದಲು ಬಹುಭಾಗ ಸೋವಿಯತ್ ರಷ್ಯದ ಕೊಡುಗೆ. ಅದು ಬೇಸಗೆಯ ಬಿಸಿಗೂ ಒಂದು ತಿಂಗಳು ತಡೆಯುತ್ತಿತ್ತು. ಆ ದಶಕದ ಕೊನೆಗೆ ಎರಡು ಮೊನೆಯ ಸೂಜಿ ಬಂದು ನನ್ನನ್ನು ಕೂಗಿಸಿದ ಬಿಲ್ಲೆಗೆ ವಿಶ್ರಾಂತಿಯಾಯಿತು. ಎರಡು ಮೊನೆಗಳ ಸಂದಿನಲ್ಲಿ ನಿಂತ ತೊಟ್ಟೇ ಸಾಕು. ಹದಿನೈದು ಸಲ ಬೇಗಬೇಗ ಚುಚ್ಚಿದರೆ ಮುಗಿಯಿತು.

1973ರ ವೇಳೆಗೆ ಯುದ್ಧದ ಕ್ರಮವೂ ಬದಲಾಯಿತು. ಎಲ್ಲರಿಗೂ ದಾಕು ಹಾಕುವುದರ ಜೊತೆಗೆ, ರೋಗ ಎಲ್ಲಿದೆಯೆಂದು ಮನೆಮನೆ ಹುಡುಕಿ, ಆ ಮನೆಯ ಸುತ್ತ ಕೋಟೆ ಕಟ್ಟಿದಂತೆ ದಾಕು ಹಾಕುವುದು. 1974ರಲ್ಲಿ ದೇಶದಲ್ಲಿ ಸುಮಾರು 1,88,000 ಮಂದಿಗೆ ಸಿಡುಬಾಯಿತು, ಬಿಹಾರದಲ್ಲಿ ಹಾಹಾಕಾರ. ಮರುವರ್ಷ ಸಿಡುಬಿನ ಸುದ್ದಿ ಕೊಟ್ಟವರಿಗೆ ಸಾವಿರ ರೂಪಾಯಿ ಬಹುಮಾನವೆಂದು ಸಾರಿದರು. ನಾನಾಗ ಹೈಸ್ಕೂಲು. ಸಾವಿರ ರೂಪಾಯಿ! ನಾನೂ ನನ್ನ ಗೆಳೆಯನೂ ಊರೆಲ್ಲ ಅಲೆದು ಮೈಮೇಲೆ ಬೊಕ್ಕೆಯೆದ್ದ ಒಬ್ಬ ಹುಡುಗನನ್ನು ಪತ್ತೆಹಚ್ಚಿ, ಐದು ಮೈಲಿ ನಡೆದು ಹೆಲ್ತ್ ಇನ್ಸ್‌ಪೆಕ್ಟರಿಗೆ ಸುದ್ದಿ ಮುಟ್ಟಿಸಿದೆವು. ಅವರು ಆ ಕ್ಷಣವೇ ಸೈಕಲ್ ಹತ್ತಿದರು. ಹುಡುಗನ ಅಂಗಿ ಎತ್ತಿ ಎದೆ ಬೆನ್ನುಗಳನ್ನು ನೋಡಿದರು, ಅಂಗೈ ಅಂಗಾಲುಗಳನ್ನು ತಿರುಗಿಸಿ ನೋಡಿದರು. “ಸೀತಾಳೆ ಕಣ್ರಪ್ಪ” ಎಂದು ನಿಟ್ಟುಸಿರು ಬಿಟ್ಟರು. ಸಿಡುಬಾದರೆ ಮುಖ, ಕೈಕಾಲುಗಳಲ್ಲಿ ಹೆಚ್ಚು, ಅಂಗೈಯಲ್ಲೂ ಏಳುತ್ತದೆ, ಎಲ್ಲ ಬೊಕ್ಕೆಗಳೂ ಒಂದೇ ಹದದಲ್ಲಿರುತ್ತವೆ. ಸೀತಾಳೆಯಾದರೆ ಮುಂಡದಲ್ಲಿ ಹೆಚ್ಚು, ಒಂದು ಹೊಸತು, ಒಂದು ಒಣಗಿದ್ದು ಎಂದು ತಮ್ಮಲ್ಲಿದ್ದ ಚಿತ್ರದ ಕಾರ್ಡನ್ನು ತೋರಿಸಿ ಹೇಳಿದರು. ನಮ್ಮ ಮುಖ ಬಾಡಿದ್ದನ್ನು ಕಂಡು, “ಇದು ದೊಡ್ಡದೇ ಆಗಿದ್ದರೆ ನಿಮಗೆ ಸಾವಿರ ಸಿಗುತ್ತಿತ್ತು, ನನಗೆ ತಿಂಗಳುಗಟ್ಟಲೆ ನಿದ್ದೆ ಇರುತ್ತಿರಲಿಲ್ಲ” ಎಂದು ನಕ್ಕರು. ಆ ಬಹುಮಾನ ನಮಗೇಕೆ, ದೇಶದಲ್ಲಿ ಯಾರಿಗೂ ಸಿಗುವಂತಿರಲಿಲ್ಲ. ಅಸ್ಸಾಮಿನ ಕರೀಂಗಂಜಿನಲ್ಲಿ 1975ರ ಮೇ 24ರಂದು ಪತ್ತೆಯಾದ ಹೆಂಗಸೇ ಭಾರತದಲ್ಲಿ ಕಂಡ ಕಡೆಯ ರೋಗಿ. 1980ರಲ್ಲಿ ಜಗತ್ತಿನಿಂದಲೇ ಸಿಡುಬು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಹೊತ್ತಿಗೆ ಅಜ್ಜಿ ಇದ್ದಳು. ಸುದ್ದಿಯನ್ನು ಓದಿ ಹೇಳಿದೆ. ಅವಳು ನಂಬಲಿಲ್ಲ, “ಅವ್ವ ಎಲ್ಲಿಗ್ ಓದಾಳು, ಊರ್ ಬುಟ್ಟು?” ಎಂದಳು.

ಅವಳ ಸಂಶಯ ಬೇರೊಂದು ರೀತಿಯಲ್ಲಿ ನಿಜವೇ ಆಗಿತ್ತು. ಅವಳ ಮಕ್ಕಳನ್ನು ಕೊಂಡೊಯ್ದ ದೊಡ್ಡವ್ವ ಹೋದರೂ ನಮ್ಮ ಮನೆಯನ್ನು ಇನ್ನೊಂದು ಹೊಕ್ಕಿತ್ತು. ನನ್ನ ತಮ್ಮ ಹುಟ್ಟಿದ್ದು 1964ರಲ್ಲಿ. ಅವನ ತೋಳಿನಲ್ಲಿ ದಾಕು ಚೆನ್ನಾಗಿ ಎದ್ದಿತ್ತು. ಎರಡು ವರ್ಷದವನಿದ್ದಾಗ ಮೂರು ದಿನ ಜ್ವರ ಬಂದು ಬಿಟ್ಟಿತು. ನಾಲ್ಕನೆಯ ಬೆಳಗ್ಗೆ ಎದ್ದು ನಿಲ್ಲಲು ಹೋದವನು ಮಡಚಿಕೊಂಡು ಬಿದ್ದ. ಬಲಗಾಲು ಮತ್ತೆ ಬೆಳೆಯಲಿಲ್ಲ. ಅದಕ್ಕೆ ಕನ್ನಡದಲ್ಲಿ ಒಂದು ಹೆಸರೂ ಇರಲಿಲ್ಲ, ಹರಸಿಕೊಳ್ಳಲು ಒಬ್ಬ ದೇವತೆಯೂ ಇರಲಿಲ್ಲ. ಅಪ್ಪ ಅವನನ್ನು ಹೊತ್ತುಕೊಂಡು ಮೈಸೂರಿಗೆ ಹೋಗಿ ಪೋಲಿಯೋ ಎಂಬ ಮಾತನ್ನು ತಂದರು. ಅದನ್ನು ತಡೆಯುವ ಮದ್ದು ಆಗಲೇ ಜಗತ್ತಿನಲ್ಲಿತ್ತು. ನಮ್ಮ ಗುಡ್ಡಗಳ ಆಚೆ, ಬಂಡೀಪುರದ ಕಾಡನ್ನೂ ನೀಲಗಿರಿಯನ್ನೂ ದಾಟಿದರೆ ಕೂನೂರು. ಹುಚ್ಚುನಾಯಿ ಕಚ್ಚಿದವರಿಗೆ ಮದ್ದು ಮಾಡುವ ಪಾಶ್ಚರ್ ಸಂಸ್ಥೆ 1907ರಿಂದಲೂ ಅಲ್ಲಿದೆ. ಮುಂದೆ ಪೋಲಿಯೋ ಹನಿಯನ್ನು ಕೂಡ ಅಲ್ಲಿ ಸ್ವಲ್ಪ ಕಾಲ ತಯಾರಿಸಿದರು. ದೂರ ಹೆಚ್ಚಿರಲಿಲ್ಲ. ಹಳ್ಳಿಯ ಮಗುವಿನವರೆಗೆ ಅದನ್ನು ತರುವ ಏರ್ಪಾಡು ಇರಲಿಲ್ಲ, ಅಷ್ಟೆ.

ಆ ಏರ್ಪಾಡು ತಡವಾಗಿಯಾದರೂ ಆಯಿತು. ಕ್ಷಯದ ಬಿಸಿಜಿ 1948ರಿಂದಲೇ ಬಂದಿತ್ತು. ರಾಜಾಜಿಯವರಂಥವರೇ 1955ರಲ್ಲಿ ಅದನ್ನು ಬಲವಾಗಿ ವಿರೋಧಿಸಿದ್ದರೆಂದು ಕೇಳಿದರೆ, ಅಜ್ಜಿಯ ವಾಡೆಯನ್ನು ಹಳಿಯುವವರು ಸ್ವಲ್ಪ ತಡೆಯಬಹುದು. 1978ರಲ್ಲಿ ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುಗಳ ಚುಚ್ಚುಮದ್ದು ಸೇರಿದ ಕಾರ್ಯಕ್ರಮ, 1985ರಲ್ಲಿ ದಡಾರವೂ ಸೇರಿದ ಸಾರ್ವತ್ರಿಕ ಕಾರ್ಯಕ್ರಮ. ‘ಲಸಿಕೆ’ ಎಂಬ ಮಾತು ಮನೆಮಾತಾದುದು ಇವುಗಳ ಜೊತೆಯಲ್ಲಿ. ದಾಕು ಎಂಬುದು ಮೆಲ್ಲಗೆ ಮರೆಯಾಯಿತು. ಪಲ್ಸ್ ಪೋಲಿಯೋ ದೇಶದಾದ್ಯಂತ ಮೊದಲಾದದ್ದು 1995ರ ಡಿಸೆಂಬರ್ 9ರಂದು. ಭಾರತದ ಕಡೆಯ ಪೋಲಿಯೋ ರೋಗಿ 2011ರ ಜನವರಿಯಲ್ಲಿ ಕಂಡ ಬಂಗಾಳದ ಒಂದು ಮಗು.

ಆ ಡಿಸೆಂಬರಿನ ದಿನ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ತಮ್ಮನ ಮಗಳಿಗೆ ಆಗ ಒಂದೂವರೆ ವರ್ಷ. ಅವನು ಕೋಲೂರಿಕೊಂಡು ಮುಂದೆ, ಮಗುವನ್ನು ಸೊಂಟಕ್ಕೇರಿಸಿಕೊಂಡ ಅವ್ವ ಹಿಂದೆ. ಬೆಳಗಿನ ಏಳಕ್ಕೇ ಶಾಲೆಯ ಮುಂದೆ ಹೋಗಿ ನಿಂತರು. ಮೇಜನ್ನೂ ಇನ್ನೂ ಹಾಕಿರಲಿಲ್ಲ. ನಮ್ಮ ಮಗುವೇ ಮೊದಲನೆಯದು. ನರ್ಸಮ್ಮ ಅದರ ಕೆನ್ನೆಯನ್ನು ಒತ್ತಿ ಬಾಯಿಗೆ ಎರಡು ಹನಿ ಬಿಟ್ಟಳು. ಮಗು ಅಳಲಿಲ್ಲ, ನಾಲಗೆ ಚಪ್ಪರಿಸಿತು. ಅವ್ವ ಅಲ್ಲಿಂದ ಕದಲದೆ ನಿಂತಳು. ಸೂಜಿ ಎಲ್ಲಿ, ಗಾಯ ಎಲ್ಲಿ, ಜ್ವರ ಯಾವತ್ತಿಗೆ ಎಂದು ಕಾಯುವವಳಂತೆ. ಕೊನೆಗೆ “ಇಷ್ಟೇಯಾ?” ಎಂದಳು.

“ಇಷ್ಟೇ ಕಣಮ್ಮ, ಮುಂದಿನ ತಿಂಗಳು ಇನ್ನೊಂದ್ಸಲ ಕರ್ಕೊಂಡು ಬನ್ನಿ.”

ಅವ್ವ ತಮ್ಮನ ಕಾಲಿನ ಕಡೆಗೆ ಒಮ್ಮೆ ನೋಡಿದಳು. ಏನೂ ಆಡಲಿಲ್ಲ. ಮನೆಗೆ ಬಂದ ಮೇಲೆ ಬಾಗಿಲಿಗೆ ಒಂದು ಹಿಡಿ ಬೇವಿನ ಸೊಪ್ಪು ಸಿಕ್ಕಿಸಿ, ಅಂದಿನ ಸಾರಿಗೆ ಒಗ್ಗರಣೆ ಹಾಕಲಿಲ್ಲ.